ಅಕ್ಕನ ಚಪ್ಪಾಳೆಯತ್ತ ಓಟ

ಓಡಿ ಬಂದ ಪವಿತ್ರಾ ಕೊನೆಗಳಿಗೆಯಲ್ಲಿ ನನ್ನ ಕಡೆ ವಾಲಿ, ಮರಳಿನ ಗುಂಡಿಯ ಅಂಚಿಗೆ ಮೊಣಕಾಲು ತಾಗಿಸಿಕೊಂಡು ಬಿದ್ದಳು.

ಮೈಸೂರಿನ ಕಾಲೇಜು ಮೈದಾನವೊಂದರಲ್ಲಿ ಕಣ್ಣು ಕಾಣದ ಮಕ್ಕಳ ಉದ್ದಜಿಗಿತ ನಡೆಯುತ್ತಿತ್ತು. ತುಂತುರು ಮಳೆ, ಮಬ್ಬು ಬೆಳಕು. ಒಂದಾದರೂ ಒಳ್ಳೆಯ ಚಿತ್ರ ಸಿಗಲೆಂದು ನಾನು ಲೆನ್ಸ್ ಒರೆಸಿಕೊಳ್ಳುತ್ತ, ಜಾಗ ಬದಲಿಸುತ್ತ ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದೆ. ಗುಂಡಿಯಾಚೆ ನಿಂತು ಪವಿತ್ರಾಳ ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು. ಆ ಸದ್ದು ಹಿಡಿದೇ ಹುಡುಗಿ ಓಡಬೇಕು.

ಪವಿತ್ರಾ ಎದ್ದು ನನ್ನತ್ತ ತಿರುಗಿದಳು. “ಸರ್, ನಿಮ್ ಕ್ಯಾಮೆರಾ ಟಕಟಕ ಅಂತಿದ್ರೆ ಅಕ್ಕ ಎಲ್ಲವ್ಳೆ ಅಂತ ಗೊತ್ತಾಗಲ್ಲ. ಇನ್ನೊಂದೇ ಜಿಗಿತ ಇರೋದು.”

ಕ್ಯಾಮೆರಾ ಚೀಲಕ್ಕೆ ಹಾಕಿದೆ. ಬೆರಳುಗಳು ಸುಮ್ಮನಿರಲಿಲ್ಲ, ಕೈಗಳನ್ನು ಜೇಬಿಗೆ ತುರುಕಿಕೊಂಡೆ. ಈ ಸಲ ಅವಳು ನೇರವಾಗಿ ಓಡಿ ಬಂದು, ನೆಲ ಬಿಟ್ಟು ಮೇಲೆದ್ದಳು. ತೋಳುಗಳು ಮುಂದಕ್ಕೆ ಚಾಚಿದ್ದವು, ಮುಖ ತುಂಬ ನಗು. ಮರಳಿನ ನಟ್ಟನಡುವೆ ಇಳಿದಳು. ಮೊದಲ ಬಹುಮಾನವೂ ಅವಳಿಗೇ ಬಂತು.

ಅಭಿನಂದಿಸಲು ಹೋದಾಗ ಅವಳೇ ಕೇಳಿದಳು: “ನಾನು ಮೇಲಿದ್ದಾಗ ಎಂಗೆ ಕಾಣ್ತಿದ್ದೆ ಸರ್?”

“ನಗ್ತಿದ್ದೆ ಕಣಮ್ಮ,” ಎಂದೆ.

“ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ,” ಎಂದು ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು.

ಆ ಜಿಗಿತದ ಚಿತ್ರ ನನ್ನ ಬಳಿ ಇಲ್ಲ. ಇದ್ದಿದ್ದರೂ ಅವಳಿಗೆ ಅದನ್ನು ಬಾಯಿಮಾತಿನಲ್ಲೇ ಹೇಳಬೇಕಾಗುತ್ತಿತ್ತು ಎಂಬುದು ಮನೆಗೆ ಹೋಗುವ ವಿದ್ಯಾರಣ್ಯಪುರಂ ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ಇನ್ನಷ್ಟು ಹೇಳಬೇಕಿತ್ತು ಎಂಬ ಚಡಪಡಿಕೆ ಮಾತ್ರ ಇನ್ನೂ ಹೋಗಿಲ್ಲ.