ಗಂಜಿ ಹಚ್ಚಿದ ಲಕೋಟೆಗಳು

ತಗಡಿನ ಬಿಸ್ಕೀಟು ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆದಾಗ ಹುಳಿಹುಳಿಯಾದ ಒಂದು ವಾಸನೆ ಮೂಗಿಗೆ ಬಂತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ಯಾರನ್ನೇ ಕಣ್ಣು ಕಟ್ಟಿ ಕೂರಿಸಿದರೂ ಅದನ್ನು ಗುರುತಿಸುತ್ತಾರೆ: ಮಗ್ಗದ ಹಾಸಿನ ನೂಲು ಬಿರುಸಾಗಲೆಂದು ಹಚ್ಚುವ ಗಂಜಿ. ಹಳೆಯದನ್ನು ನೆನೆದು ಕೂರುವ ಉದ್ದೇಶ ನನಗಿರಲಿಲ್ಲ. ಯಾವುದೋ ಪತ್ರಿಕೆಯವರು ಕಥೆ ಕೇಳಿದ್ದಾರೆ, ಇ-ಮೇಲ್ ಮಾಡಿದರೆ ಸಾಕು ಎಂದು ಕಚೇರಿಯ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಕಳಿಸಿದ್ದಳು. ಮುಂಡರಗಿಯ ಸರ್ಕಾರಿ ಕಚೇರಿಯೊಂದರಲ್ಲಿ ವರ್ಷಾನುಗಟ್ಟಲೆಯಿಂದ ಟಿಪ್ಪಣಿ ಬರೆಯುತ್ತಿರುವ, ಬಾಗಿಲಿಗೆ ಕೀಲಿ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಮತ್ತೆ ತಿರುಗಿ ಬಂದು ಕೀಲಿ ಜಗ್ಗಿ ನೋಡುವ ಹೆಂಗಸು ನಾನು. ಈ ವಯಸ್ಸಿನಲ್ಲಿ ಹೊಸ ಕಥೆ ಬರೆದು ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ, ಹುಡುಗಿಯಾಗಿದ್ದಾಗಲೇ ಬರೆದು ಮರ್ಯಾದೆ ಕಳೆದುಕೊಂಡಿದ್ದ ಏಳು ಕಥೆಗಳಲ್ಲಿ ಒಂದನ್ನು ಕಳಿಸುವುದು ಸುರಕ್ಷಿತ ಎಂದುಕೊಂಡಿದ್ದೆ. ಏಳೂ ಪತ್ರಿಕೆಗಳಿಂದ ವಾಪಸು ಬಂದಿದ್ದವು. ಬಂದ ಲಕೋಟೆಗಳ ಸಮೇತ ಅವನ್ನು ಆ ಡಬ್ಬಿಯಲ್ಲಿ ಕಾಯ್ದಿಟ್ಟಿದ್ದೆ.

ಆ ವಾಸನೆಯ ಮನೆ ಈಗಿಲ್ಲ. ಅದು ಇದ್ದಲ್ಲಿ ಬೈಕು ರಿಪೇರಿಯ ಶೆಡ್ಡು ಎದ್ದಿದೆ. ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿಯ ಮೇಲೆ ಈಗ ಎಣ್ಣೆ ಸುರಿದ ಸಿಮೆಂಟು. ನಮ್ಮ ಕಾಲದಲ್ಲಿ ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಕಿವಿಗೆ ಮನೆ ಸಿಗುತ್ತಿತ್ತು. ಅಪ್ಪನ ಮಗ್ಗದ ಲಟಕ್ ಪಟಕ್, ಅದರ ಹಿಂದೆ ಆಯಿಯ ರಾಟಿಯ ಗುಂಯ್ ಎನ್ನುವ ಸಪ್ಪಳ, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು. ಆಯಿ ಅಂದರೆ ಅಪ್ಪನ ತಾಯಿ. ಗಂಜಿ ಕಾಸುವ ಹಕ್ಕನ್ನು ಅವಳು ಯಾವ ಸೊಸೆಗೂ ಬಿಟ್ಟುಕೊಟ್ಟಿರಲಿಲ್ಲ. ಜಿರಲೆ ಮುಟ್ಟಬಾರದೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ಓಣಿಯಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ಒಣಗಿದ ಮೇಲೆ ನಮ್ಮ ಗಂಜಿ ಅಂಚಿನಲ್ಲಿ ತೆಳ್ಳಗೆ ಒಂದು ನೀಲಿ ಗೆರೆ ಬಿಡುತ್ತಿತ್ತು. "ಬೆರಳ ನೆಕ್ಕೀಗಿಕ್ಕೀಯವ್ವಾ, ಸತ್ತ ಹೋಗ್ತಿ" ಎಂದು ಅವಳು ಒಮ್ಮೆ ಹೇಳಿದ್ದೇ ಸಾಕಾಯಿತು. ಎಷ್ಟೋ ಸಂಜೆ ನಾನು ಕಟ್ಟೆಯ ಮೇಲೆ ಕೂತು, ಗೊತ್ತಿಲ್ಲದೆ ನೆಕ್ಕಿರಬಹುದೇನೋ ಎಂದು ಸಾವಿನ ದಾರಿ ಕಾದಿದ್ದೇನೆ.

ಮನೆಯಲ್ಲಿ ಮಗ್ಗಕ್ಕೆ ಕೂರದ ಒಬ್ಬನೇ ಗಂಡಸು ಅಪ್ಪನ ತಮ್ಮ, ಶಂಕರ ಕಾಕಾ. ಗದಗಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಅವನದು. ಅಂಗಿಯ ಕಿಸೆಯಲ್ಲಿ ಸದಾ ಕೆಂಪು ಮಸಿಯ ಪೆನ್ನು, ಕಿಸೆಯ ತಳದಲ್ಲಿ ಎಷ್ಟು ತೊಳೆದರೂ ಹೋಗದ ಕೆಂಪು ಕಲೆ. ಕೊನೆಯ ಕರಡಿನಲ್ಲಿ ತಪ್ಪು ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಅವನು ಅಡಿಯಲ್ಲಿ 'ಅಚ್ಚು ಹಾಕಬಹುದು' ಎಂದು ಬರೆದು 'ಶಂ' ಎಂದು ಸಣ್ಣ ಸಹಿ ಮಾಡುತ್ತಿದ್ದ. ಆ ಎರಡು ಶಬ್ದ ಬೀಳುವವರೆಗೆ ಮಾಲೀಕರು ಬಂದು ನಿಂತರೂ ಯಂತ್ರ ತಿರುಗುತ್ತಿರಲಿಲ್ಲವಂತೆ. ಕಾಕಾ ಕಥೆಗಾರನೂ ಆಗಿದ್ದ. ನಾನು ಹುಟ್ಟುವ ಮೊದಲು ಅವನದೊಂದು ಕಥೆ ವಾರಪತ್ರಿಕೆಯಲ್ಲಿ ಬಂದಿತ್ತು. ಆ ಪುಟಕ್ಕೆ ಕಟ್ಟು ಹಾಕಿಸಿ ಅಜ್ಜನ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದರು. ಹಬ್ಬ ಬಂದಾಗ ಆಯಿ ಎರಡಕ್ಕೂ ಒಂದೇ ಬೆರಳಿನಿಂದ ಕುಂಕುಮ ಹಚ್ಚುತ್ತಿದ್ದಳು. ಅದಾದ ಮೇಲೆ ಅವನು ಕಳಿಸಿದ್ದೆಲ್ಲ ವಾಪಸು ಬಂತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ನನಗೆ ಬರೆಯುವುದನ್ನು ಕಲಿಸಿದವನು ಅವನೇ. ಇವತ್ತಿಗೂ ಅಷ್ಟು ಒಳ್ಳೆಯ ಮೇಷ್ಟರನ್ನು ನಾನು ಕಂಡಿಲ್ಲ, ಮುಂದಿನದೆಲ್ಲ ಗೊತ್ತಾದ ಮೇಲೂ ಈ ಮಾತನ್ನು ಹಿಂದಕ್ಕೆ ತಗೊಳ್ಳಲಾರೆ. ಮೊದಲ ಕಥೆಯಲ್ಲಿ ನಾನು ಕೆಂಪು ಸೂರ್ಯನನ್ನು ಕಡಲಿನಲ್ಲಿ ಮುಳುಗಿಸಿದ್ದೆ. ಕಾಕಾ ಕನ್ನಡಕದ ಮೇಲಿಂದ ನೋಡಿ, "ಕಸ್ತೂರಿ, ನೀ ಕಡಲ ಯಾವಾಗ ನೋಡಿದಿ?" ಎಂದ. ನೋಡಿಲ್ಲ ಎಂದೆ. "ಡಂಬಳದ ಕೆರಿ ನೋಡೀಯಲ್ಲ? ಅದರಾಗ ಮುಳುಗಸು. ಸೂರ್ಯಾಗೇನ್ ಬ್ಯಾಸರಿಲ್ಲ." ಬರೆದದ್ದನ್ನು ನಾನು ಆಯಿಯ ಮುಂದೆ ಗಟ್ಟಿಯಾಗಿ ಓದಬೇಕಿತ್ತು. ಕಥೆ ಕೇಳುತ್ತ ಅವಳ ಕೈ ರಾಟಿಯ ಮೇಲೆ ನಿಂತುಬಿಡುತ್ತಿತ್ತು. ಬೇಸರ ಬಂದಲ್ಲಿ ಗೊತ್ತಿಲ್ಲದೆ ಮತ್ತೆ ತಿರುವಲು ಶುರುಮಾಡುತ್ತಿದ್ದಳು. ರಾಟಿ ಗುಂಯ್ ಅಂದ ಸಾಲಿನ ಪಕ್ಕ ಕಾಕಾನ ಕೆಂಪು ಗೀಟು ಬೀಳುತ್ತಿತ್ತು. "ಅಲ್ಲೆ ಕತ್ತರಸು. ನಮ್ಮವ್ವಗಿಂತ ದೊಡ್ಡ ಸಂಪಾದಕರು ಯಾವ ಊರಾಗೂ ಇಲ್ಲ." ಆಯಿಗೆ ಸಿಟ್ಟು ಬರುತ್ತಿತ್ತು. "ನಾ ಏನ್ ಮಾಡೀನೋ, ಸುಮ್ಮನ ಕುಂತೀನಿ!" ಎಂದು ರಾಟಿಯನ್ನು ಇನ್ನೂ ಜೋರಾಗಿ ತಿರುವುತ್ತಿದ್ದಳು. ಆಗ ನನ್ನ ಇಡೀ ಪುಟವೇ ಹೋಗುತ್ತಿತ್ತು.

ತಿದ್ದಿ ತಿದ್ದಿ ಒಂದು ಹದಕ್ಕೆ ಬಂದ ಮೇಲೆ ಕಥೆಯನ್ನು ಕಳಿಸುವ ಕ್ರಮ ಬೇರೆಯೇ ಇತ್ತು. ಎರಡು ಲಕೋಟೆ. ಹೊರಗಿನದರ ಮೇಲೆ ಪತ್ರಿಕೆಯ ವಿಳಾಸ. ಒಳಗೆ ಕಥೆ, ಅದರ ಜೊತೆಗೆ ಮಡಚಿದ ಇನ್ನೊಂದು ಲಕೋಟೆ. ಅದರ ಮೇಲೆ ನಮ್ಮದೇ ವಿಳಾಸ, ನಾವೇ ಹಚ್ಚಿದ ಸ್ಟಾಂಪು. ಕಥೆ ಬೇಡವಾದರೆ ಅವರು ಅದರಲ್ಲಿ ಹಾಕಿ, ಅಂಟಿಸಿ ತಿರುಗಿ ಕಳಿಸುತ್ತಾರೆ. ಹೊರಗಿನ ಲಕೋಟೆಯನ್ನು ನಾನು ಆಯಿಯ ಗಂಜಿಯಿಂದ ಅಂಟಿಸುತ್ತಿದ್ದೆ, ಕಾಕಾ ಅದನ್ನು ಸೈಕಲ್ಲಿನಲ್ಲಿ ಗದಗಿಗೆ ಒಯ್ದು ಅಂಚೆಗೆ ಹಾಕುತ್ತಿದ್ದ. ತಿಂಗಳು ಕಳೆದ ಮೇಲೆ ಪೋಸ್ಟಮನ್ ನನ್ನದೇ ಅಕ್ಷರವನ್ನು ನನಗೆ ತಂದುಕೊಡುತ್ತಿದ್ದ. ಬೇಡವೆಂದವರ ಅಕ್ಷರ ಒಂದೂ ಇರುತ್ತಿರಲಿಲ್ಲ. ವಿಷಾದದ ಚೀಟಿಯಾದರೂ ಯಾಕಿಲ್ಲ ಎಂದು ಕೇಳಿದರೆ, ಹೊಸಬರಿಗೆ ಹಾಕುವುದಿಲ್ಲ ಎನ್ನುತ್ತಿದ್ದ ಕಾಕಾ. ವಾಪಸು ಬಂದ ದಿನ ಸಂಜೆ ಅವನು ನಾನು ಬಾಯಿ ಬಿಡುವ ಮೊದಲೇ ಗದಗಿನಿಂದ ಬಿಸಿ ಮಿರ್ಚಿ ಭಜಿಯ ಪೊಟ್ಟಣ ತಂದಿರುತ್ತಿದ್ದ. "ತಿನ್ನ ತಿನ್ನ. ನಂದೂ ಬಂದಾವ ತಗೋ, ಎಷ್ಟೋ." ಹೇಳದೆಯೇ ನನ್ನ ದುಃಖ ಇವನಿಗೆ ಹೇಗೆ ತಿಳಿಯುತ್ತದೆಂದು ನಾನು ಬೆರಗಾಗುತ್ತಿದ್ದೆ. ಏಳನೆಯದು ಬಂದಾಗ ಲಕೋಟೆಯ ದಪ್ಪವೇ ಹೇಳಿತು. ಅದನ್ನು ಒಡೆಯಲಿಲ್ಲ. ಡಬ್ಬಿಗೆ ಹಾಕಿ ಮುಚ್ಚಿದೆ, ಆಮೇಲೆ ಬರೆಯಲಿಲ್ಲ. ಕಾಕಾ, "ಬರಿ ಬರಿ, ಬಿಡಬ್ಯಾಡ" ಎಂದು ವರ್ಷಗಟ್ಟಲೆ ಹೇಳಿದ. ಅವನು ತೀರಿಕೊಂಡಾಗ ನಾನೇ ಎಲ್ಲರಿಗಿಂತ ಹೆಚ್ಚು ಅತ್ತೆ.

ಈಗ, ಇಷ್ಟು ವರ್ಷದ ಮೇಲೆ ಆ ಏಳನೆಯ ಲಕೋಟೆಯನ್ನು ಬೆಳಕಿಗೆ ಹಿಡಿದೆ. ಅಂಟಿಸಿದ ಅಂಚಿನುದ್ದಕ್ಕೂ ತೆಳ್ಳನೆಯ ನೀಲಿ ಗೆರೆ. ಮೊದಲು ಖುಷಿಯೇ ಆಯಿತು, ಆಯಿ ಸಿಕ್ಕಳು ಎಂದು. ಆಮೇಲೆ ಕೈ ನಿಂತಿತು. ಇದು ಪತ್ರಿಕೆಯವರು ಅಂಟಿಸಬೇಕಾದ ಲಕೋಟೆ. ಉಳಿದ ಆರನ್ನೂ ಹಾಸಿಗೆಯ ಮೇಲೆ ಹರಡಿ ನೋಡಿದೆ. ಆರಕ್ಕೂ ನಮ್ಮ ಮನೆಯ ಗಂಜಿ, ಅಂಚೆಯ ಮುದ್ರೆಯೂ ಪತ್ರಿಕೆಗಳ ಊರಿನದಲ್ಲ, ಗದಗಿನದೇ. ಕೀಲಿಯನ್ನು ಮೂರು ಸಲ ಜಗ್ಗಿ ನೋಡುವ ನಾನು ಇದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಕಾಕಾನ ಹೆಂಡತಿ, ನನ್ನ ಚಿಗವ್ವ, ಲಕ್ಷ್ಮೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಭಾನುವಾರ ಒಡೆಯದ ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. ಲಕೋಟೆಯ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಮೂಗಿಗೆ ಹಿಡಿದು, "ನಮ್ಮ ಅತ್ತೀ ಗಂಜಿ" ಎಂದಳು.

"ವಾಪಸ್ ಬಂದ ಪಾಕೀಟಿಗೆ ನಮ್ಮ ಗಂಜಿ ಹ್ಯಾಂಗ ಬಂತು ಚಿಗವ್ವಾ?"

ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ನಾನ ಹಚ್ಚಿದ್ದು. ಅವರು ಹಚ್ಚು ಅಂದ್ರು, ಹಚ್ಚಿದೆ. ನನಗೇನ್ ಓದಾಕ ಬರತಿತ್ತು?"

"ಅಂದ್ರ ಒಂದೂ ಕಳಸಿಲ್ಲ?"

"ಇಲ್ಲ. ಒಂದ್ ತಿಂಗಳ ಟ್ರಂಕಿನ್ಯಾಗ ಇಡತಿದ್ರು. ಆಮ್ಯಾಲೆ ಗದಗಿನ್ಯಾಗ ಟಪಾಲ ಡಬ್ಬಿಗೆ ಹಾಕತಿದ್ರು."

"ಯಾಕ?"

"ನಾನೂ ಒಮ್ಮೆ ಕೇಳಿದೆ. 'ನನ್ನ ಒಲ್ಲೆ ಅಂದವರು ಈ ಹುಡುಗೀನ ಬಾ ಅಂದ್ರ, ನಾ ಈ ಮನ್ಯಾಗ ಯಾವ ಮಾರಿ ಹೊತ್ತು ಅಡ್ಡಾಡ್ಲಿ?' ಅಂದ್ರು. ಅವತ್ತ ಉಣ್ಣಲಿಲ್ಲ." ಬಿಡಿಸಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ಬೈಯವ್ವಾ. ಇದ್ದಾಗ ಯಾರೂ ಬೈಲಿಲ್ಲ ಅವರ್ನ" ಎಂದಳು. ಬೈಗುಳ ಬರಲಿಲ್ಲ. ಆಗ ಅವಳೇ ತಿರುಗಿಬಿದ್ದಳು: "ನೀ ಏನ್ ಕಡಿಮಿ? ಏಳ ಬಂದ್ವು ಅಂತ ಬಿಟ್ಟ ಕುಂತಿ. ಅವರ್ವು ಖರೇನ ವಾಪಸ್ ಬರತಿದ್ವು, ಸಾಯೂತನಾ ಬಿಟ್ರೇನು?" ಆಮೇಲೆ ಚಹಾ ಇಟ್ಟಳು.

ನಿಮ್ಮ ಮನೆಯಲ್ಲೂ ಹೀಗೆ ಕೈ ಹಿಡಿದು ತಿದ್ದಿಸಿದವರೊಬ್ಬರು ಇದ್ದಿರಬಹುದು. ಅವರ ಮೇಲೆ ಸಿಟ್ಟು ಮಾಡುವುದೆಷ್ಟು ಕಷ್ಟವೆಂದು ಬಲ್ಲಿರಿ. ನನ್ನ ಹತ್ತಿರ ಇದ್ದ ಸಾಹಿತ್ಯದ ಅನುಭವವೆಂದರೆ ಆ ಏಳು ತಿರಸ್ಕಾರಗಳು. ಕಷ್ಟಪಟ್ಟು ಅವಕ್ಕೆ ಹೊಂದಿಕೊಂಡಿದ್ದೆ, ಗೆಳತಿಯರ ಮುಂದೆ ತಮಾಷೆ ಮಾಡುವಷ್ಟು. ಅವೂ ನನ್ನವಲ್ಲವೆಂದಾಯಿತು. ಆ ಮಿರ್ಚಿಯ ಖಾರ ಈಗ ಗಂಟಲಿಗೆ ಹತ್ತಿತು. ಶಿರಹಟ್ಟಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಗಂಜಿ ಹಚ್ಚಿದ ಅಂಚನ್ನು ಮುಟ್ಟದೆ, ಲಕೋಟೆಯ ಇನ್ನೊಂದು ತುದಿಯನ್ನು ಹರಿದೆ. ಒಂಬತ್ತು ಹಾಳೆ. ನಾನು ಅಂಟಿಸಿ ಕೊಟ್ಟ ಮೇಲೂ ಕಾಕಾ ತಿದ್ದುತ್ತಿದ್ದನೇನೋ ಎಂದು ಕೆಂಪು ಗೀಟು ಹುಡುಕಿದೆ. ಮೊದಲ ಹಾಳೆಯಲ್ಲಿ ಇರಲಿಲ್ಲ. ಐದನೆಯದರಲ್ಲೂ ಇರಲಿಲ್ಲ. ಸೂರ್ಯ ಡಂಬಳದ ಕೆರೆಯಲ್ಲಿ ಮುಳುಗುವ ಕೊನೆಯ ಹಾಳೆಯ ಅಡಿಯಲ್ಲಿ, ಮಸುಕಾದ ಕೆಂಪು ಮಸಿಯಲ್ಲಿ, ಎರಡು ಶಬ್ದ ಮತ್ತು ಒಂದು ಸಣ್ಣ ಸಹಿ: ಅಚ್ಚು ಹಾಕಬಹುದು. ಶಂ.

ಬಸ್ಸು ಬಂದದ್ದು ತಿಳಿಯಲಿಲ್ಲ. ಒಂದು ಬಿಟ್ಟು ಮುಂದಿನದನ್ನು ಹಿಡಿದೆ.

ಆ ಕಥೆಯನ್ನು ಒಂದಕ್ಷರ ಬದಲಿಸದೆ ಮೊಬೈಲಿನಲ್ಲಿ ಕುಟ್ಟಿ ಕಳಿಸಿದ್ದೇನೆ. ಹೋಯಿತೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತೇನೆ. ಉತ್ತರ ಬಂದಿಲ್ಲ. ಬಂದರೆ ಈ ಸಲ ಬೇಡವೆಂದರೂ ಅದು ಅವರದೇ ಮಾತಾಗಿರುತ್ತದೆ. ಲಕೋಟೆ ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡೇ ಇದೆ. ಆಯಿ ಕಾಸಿದ್ದು, ಚಿಗವ್ವ ಹಚ್ಚಿದ್ದು, ಕಾಕಾ ಅಂಚೆಗೆ ಹಾಕಿದ್ದು. ಬೆಟಗೇರಿಯ ಆ ಮನೆಯದೆಂದು ನನ್ನ ಹತ್ತಿರ ಉಳಿದಿರುವುದು ಆ ನೀಲಿ ಗೆರೆಯೊಂದೇ. ಅದು ಇನ್ನೂ ಬಿಟ್ಟಿಲ್ಲ.