ಬೆಳದಿಂಗಳ ಧ್ರುವೀಕರಣ ಮತ್ತು ನನ್ನ ಬಿ.ಕಾಂ.

೧೯೮೯ರಲ್ಲಿ, ಏಳನೆಯ ತರಗತಿ ಮುಗಿಸಿ, ನಾನು ಓದು ನಿಲ್ಲಿಸಿದೆ. ಅಲ್ಲಿಂದಾಚೆಗೆ ನನ್ನ ಕನ್ನಡವೆಲ್ಲ ದಿನಪತ್ರಿಕೆಗಳ ಭಿಕ್ಷೆ. ಹಾಗಾಗಿ ಕಳೆದ ನವೆಂಬರಿನಲ್ಲಿ ಮಗಳು ನಿಶ್ಮಿತಾ ತನ್ನ ಪ್ರಾಜೆಕ್ಟಿನ ಇಂಗ್ಲಿಷ್ ಹೆಸರು ಹೇಳಿದಾಗ, ಫೋನಿನಲ್ಲಿ ಅದರ ಕನ್ನಡ ಹುಡುಕಿ, ‘ಬೆಳದಿಂಗಳ ಧ್ರುವೀಕರಣ’ ಎಂದು ಓದಿ, ಬೆರಗಾಗಿ ಕೇಳಿದೆ:

“ಚಂದ್ರನಲ್ಲಿ ಸಹ ಎಲೆಕ್ಷನ್ ಉಂಟಾ ಮಗಾ?”

“ಪಪ್ಪಾ, ಸ್ಟಾಪ್! ಇದು ವೋಟ್ ಅಲ್ಲ, ಲೈಟ್!”

ಮತಗಳಷ್ಟೇ ಧ್ರುವೀಕರಣಗೊಳ್ಳುವ ಪತ್ರಿಕೆಗಳನ್ನು ಓದಿ ಬೆಳೆದವನ ಈ ತಪ್ಪನ್ನು ನೀವು ಮನ್ನಿಸುತ್ತೀರಿ. ಇನ್ನೊಂದು ತಪ್ಪಿದೆ, ಅದನ್ನು ಮನ್ನಿಸುವುದು ನಿಮಗೂ ಕಷ್ಟ. ನಾವು ನೆಲೆಸಿರುವ ಈ ಪರದೇಶದಲ್ಲಿ ನಿಶ್ಮಿತಾ ಒಶಾವಾ ಎಂಬ ಊರಿನ ವಿಶ್ವವಿದ್ಯಾಲಯದ ಎರಡನೆಯ ವರ್ಷದಲ್ಲಿದ್ದಾಳೆ. ಅಲ್ಲಿಯ ಪ್ರಯೋಗಾಲಯವೊಂದರಲ್ಲಿ ಬೇಸಿಗೆಯ ಕೆಲಸಕ್ಕೆ ಒಂದು ಜಾಗವಿತ್ತು, ಕಾಲೇಜಿನ ಮೆಟ್ಟಿಲು ಹತ್ತದ ತಂದೆತಾಯಿಗಳ ಮಕ್ಕಳಿಗೆಂದೇ ಮೀಸಲಾದದ್ದು. ಹೆಂಡತಿ ಶಕುಂತಳಾ ಹತ್ತನೆಯವರೆಗೆ ಓದಿದವಳು, ಅದನ್ನು ಎಲ್ಲಿ ಬೇಕಾದರೂ ಹೇಳುವವಳು. ನಾನು ಮಾತ್ರ, ಮಗಳು ಆರು ವರ್ಷದವಳಿದ್ದಾಗಿನಿಂದ, ಅವಳ ಪಾಲಿಗೆ ಬಿ.ಕಾಂ. ಪದವೀಧರ. ಮಲ್ಪೆಯ ದೋಣಿಯಲ್ಲಿ, ಹೋಟೆಲಿನ ಒಲೆಯ ಮುಂದೆ, ಈಗ ಬೋಲ್ಟನ್ನಿನ ಗೋದಾಮಿನಲ್ಲಿ ಬೆನ್ನು ಮುರಿಯುವಂತೆ ದುಡಿದವನು, ಯಾರ ಮುಂದೆಯೂ ಕೈಚಾಚಿದವನಲ್ಲ. ಆದರೆ ಇಲ್ಲದ ಪದವಿಯೊಂದನ್ನು ಸಾಕಲು ಕಿವಿ ಹಿಂಡುವ ಲೆಕ್ಚರರ್ ಒಬ್ಬರನ್ನು ಸೃಷ್ಟಿಸಿ, ನಿರ್ವಹಣೆ ಕಷ್ಟವಾದಾಗ ಅವರನ್ನು ಹೃದಯಾಘಾತದಿಂದ ಸಾಯಿಸಿಯೂ ಇದ್ದೆ.

“ನೀವು ಬಿ.ಕಾಂ. ಅಲ್ವಾ, ಸೋ ನಂಗೆ ಅಪ್ಲೈ ಮಾಡ್ಲಿಕ್ಕೆ ಆಗುದಿಲ್ಲ. ಇಟ್ಸ್ ಓಕೆ, ಪಪ್ಪಾ,” ಎಂದಳು ಮಗಳು. ಅರ್ಜಿಯ ಕೊನೆಯ ದಿನ ಸೋಮವಾರ.

ಅವಳು ಕೋಣೆಗೆ ಹೋದ ಮೇಲೆ ಶಕುಂತಳಾ ಪಾತ್ರೆ ತೊಳೆಯುತ್ತಲೇ, “ನಿಮ್ಮ ಡಿಗ್ರಿ ಭಾರೀ ದೊಡ್ಡದಾಯ್ತಲ್ಲ ಮಾರಾಯ್ರೇ, ಮಗಳಿಗೆ ಬಾಗಿಲು ದಾಟ್ಲಿಕ್ಕೆ ಜಾಗ ಇಲ್ಲ,” ಎಂದಳು.

ಶನಿವಾರ ಹುಣ್ಣಿಮೆ. ಸಂಜೆ ಮಗಳನ್ನೂ ಅವಳ ಕ್ಯಾಮೆರಾವನ್ನೂ ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಮನೆಯಿರುವ ಮಿಸಿಸಾಗದಿಂದ ಹೊರಟು, ಬೋಲ್ಟನ್ ದಾಟಿ, ದೀಪಗಳು ವಿರಳವಾಗುವವರೆಗೂ ಉತ್ತರಕ್ಕೆ ಹೋದೆ. ದಾರಿಯುದ್ದಕ್ಕೂ ಅವಳು ಪಾಠ ಹೇಳಿದಳು. ಚಂದ್ರನ ಬೆಳಕು ಗಾಳಿಯ ಕಣಗಳಿಗೆ ತಾಗಿ ಚದುರುವಾಗ ಅದರ ಕಂಪನ ಒಂದು ದಿಕ್ಕಿಗೆ ವಾಲುತ್ತದಂತೆ, ಅದೇ ಧ್ರುವೀಕರಣವಂತೆ; ಚಂದ್ರನಿಂದ ಕಾಲು ವೃತ್ತದಷ್ಟು ದೂರದ ಆಕಾಶದಲ್ಲಿ ಆ ವಾಲು ಅತಿ ಹೆಚ್ಚಂತೆ. ಅದು ನಮ್ಮ ಕಣ್ಣಿಗೆ ಕಾಣದು. ಕೆಲವು ಸಗಣಿ ಹುಳುಗಳಿಗೆ ಕಾಣುತ್ತದೆ. ಚಂದ್ರ ಮರೆಯಲ್ಲಿದ್ದರೂ ಅವು ಆಕಾಶದ ಆ ವಿನ್ಯಾಸವನ್ನೇ ನೋಡಿಕೊಂಡು ತಮ್ಮ ಉಂಡೆಯನ್ನು ಗೆರೆ ಎಳೆದಂತೆ ನೇರವಾಗಿ ಉರುಳಿಸಿಕೊಂಡು ಹೋಗುತ್ತವೆ. ಚಂದ್ರ ಮೋಡದೊಳಗೆ ಸರಿದ ಕೂಡಲೇ ದೋಣಿಯ ಯಜಮಾನನ ದಿಕ್ಸೂಚಿಯತ್ತ ಕಣ್ಣುಬಿಡುತ್ತಿದ್ದ ನಾನು ಸಗಣಿ ಹುಳುವಿಗಿಂತ ಒಂದು ತರಗತಿ ಕೆಳಗಿನವನೆಂಬುದು ಅಂದು ಇತ್ಯರ್ಥವಾಯಿತು.

“ಆ ಹುಳ ನಮ್ಮ ಮಿಸಿಸಾಗದಲ್ಲಿದ್ರೆ?”

“ಲಾಸ್ಟ್, ಪಪ್ಪಾ. ಸಿಟಿ ಲೈಟ್ ತುಂಬಾ ಜಾಸ್ತಿ. ಪ್ಯಾಟರ್ನ್ ಇರ್ತದೆ, ಬಟ್ ಕಾಣುದಿಲ್ಲ.”

ಹೊಲದಂಚಿನಲ್ಲಿ ನಿಂತೆವು. ಪೂರ್ವದ ಚಂದ್ರ ಹಳೆಯ ಕೊಟ್ಟಿಗೆಯೊಂದರ ಮರೆಯಲ್ಲಿದ್ದ. ಅವಳು ಕ್ಯಾಮೆರಾವನ್ನು ನೆತ್ತಿಯ ಆಕಾಶಕ್ಕೆ ಮುಖಮಾಡಿಸಿ ಒಂದು ಚಿತ್ರ ತೆಗೆದಳು. ಒಂದೇ ದಿಕ್ಕಿನ ಕಂಪನವನ್ನಷ್ಟೇ ಒಳಬಿಡುವ, ಮಸೂರದ ಮುಂದಿನ ಗಾಜನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ತೆಗೆದಳು. ಮೊದಲನೆಯದರಲ್ಲಿ ಆಕಾಶ ತಿಳಿ, ಎರಡನೆಯದರಲ್ಲಿ ಅಡ್ಡಕ್ಕೆ ಒಂದು ಕಡುಗಪ್ಪು ಪಟ್ಟಿ. ಈ ಹೊತ್ತಿನಲ್ಲಿ ಆ ಕಪ್ಪು ಪಟ್ಟಿ ನೆತ್ತಿಯ ಮೇಲೆ ಉತ್ತರ ದಕ್ಷಿಣಕ್ಕೆ ಹಾಯ್ದಿರುತ್ತದೆ. ಚಂದ್ರನನ್ನೇ ನೋಡದೆ ದಿಕ್ಕು ತಿಳಿಯಬಹುದು.

ಎಷ್ಟು ಕ್ಷೀಣವಾದದ್ದು, ಆದರೂ ಎಷ್ಟು ಖಚಿತವಾದದ್ದು ಎಂದುಕೊಂಡೆ. ನನ್ನಲ್ಲಿದ್ದ ಸಣ್ಣದೊಂದು ನಿಜದ ಮೇಲೆ ಹದಿನಾಲ್ಕು ವರ್ಷ ನಾನೇ ದೀಪದ ಮೇಲೆ ದೀಪ ಉರಿಸುತ್ತ ಬಂದಿದ್ದೆ. ದಾರಿ ತಪ್ಪುತ್ತಿದ್ದವಳು ನನ್ನ ಮಗಳು.

“ಮಗಾ, ಆ ಫಾರ್ಮಿನಲ್ಲಿ ಏಳನೇ ಕ್ಲಾಸ್ ಅಂತ ಬರಿ.”

“ಯಾರದ್ದು?”

“ನನ್ನದು. ಕಾಲೇಜು ನಾನು ಹೊರಗಿನಿಂದ ನೋಡಿದ್ದು ಮಾತ್ರ.”

ಅವಳು ಕ್ಯಾಮೆರಾ ಬಿಟ್ಟು ನನ್ನತ್ತ ತಿರುಗಿದಳು. “ಮತ್ತೆ ಕಿವಿ ಹಿಂಡುವ ಸರ್?”

“ಅವರೂ ಇಲ್ಲ.”

“ಪಪ್ಪಾ! ಅವರು ಸತ್ರು ಅಂದಾಗ ಐ ಕ್ರೈಡ್!” ನಕ್ಕಳೋ ಬಿಕ್ಕಿದಳೋ, ಕತ್ತಲಲ್ಲಿ ಗೊತ್ತಾಗಲಿಲ್ಲ. “ನಂಗೆ ಯಾಕೆ ಹೇಳ್ಲಿಲ್ಲ?”

“ನೀನು ಹೋಮ್‌ವರ್ಕ್ ಹಿಡ್ಕೊಂಡು ನನ್ನ ಹತ್ರ ಬರ್ತಿದ್ದೆ. ಗೊತ್ತಾದ್ರೆ ಬರುದು ನಿಲ್ಲಿಸ್ತಿ ಅಂತ ಹೆದರಿಕೆ.”

ಅವಳು ಗ್ಲವ್ಸು ಬಿಚ್ಚಿ ಫೋನು ತೆಗೆದಳು. “ಏಳನೇದು ಕಂಪ್ಲೀಟ್ ಮಾಡಿದ್ರಾ?”

“ಪಾಸು. ಕ್ಲಾಸಿಗೇ ಮೂರನೆಯವ.”

“ಪ್ರೂಫ್ ಉಂಟಾ?”

“ಇದಕ್ಕೆ ಉಂಟು.”

ಅರ್ಜಿ ಅಲ್ಲಿಂದಲೇ ಹೋಯಿತು. ಉತ್ತರ ಇನ್ನೂ ಬಂದಿಲ್ಲ. ಸದ್ಯ ನನ್ನಲ್ಲಿರುವುದು ಏಳು ತರಗತಿ, ಮೂರು ಭಾಷೆ, ಗೋದಾಮಿನ ಒಂದು ಫೋರ್ಕ್‌ಲಿಫ್ಟ್ ಲೈಸನ್ಸು, ಒಬ್ಬಳು ಹೆಂಡತಿ, ಒಬ್ಬಳು ಮಗಳು.