ಬಲೆ ನೂಲಿನ ಕೌದಿ

"ಅಕ್ಕಾ, ಇದ್ ಬಲಿ ನೂಲ್ ಅಲ್ದಾ?" ತೀರಿಹೋದ ಅಮ್ಮನ ಕೌದಿಯನ್ನು ಬೆಳಕಿಗೆ ಹಿಡಿದು ಕೋಟೇಶ್ವರದ ಟೈಲರ್ ಹೆಂಗಸು ಕೇಳಿದಳು. ತೇಪೆ ಹಾಕಿಸಲು ನಾನು ಬಂದದ್ದು ಮೂರನೆಯ ಸಲ. ಪ್ರತಿ ಸಲವೂ ತೇಪೆಯ ಪಕ್ಕದಲ್ಲೇ ಹರಿಯುತ್ತಿತ್ತು.

ಹೌದು. ಬಲೆ ರಿಪೇರಿ ಮಾಡುತ್ತಿದ್ದ ಅಮ್ಮ, ಗಟ್ಟಿ ಬರಲೆಂದು ಅದೇ ನೈಲಾನ್ ನೂಲಿನಲ್ಲಿ ತನ್ನ ಹಳೆ ಸೀರೆಗಳನ್ನು ಬಿಗಿಯಾಗಿ ಹೊಲಿದಿದ್ದಳು.

"ಬಟ್ಟಿ ಹಳತ್, ನೂಲ್ ಗಟ್ಟಿ. ಈ ನೂಲೇ ಬಟ್ಟಿನ ಕೊಯ್ತಾ ಇತ್ತ್. ಎಲ್ಲಾ ಬಿಚ್ಚಿ, ಹತ್ತಿ ದಾರ ಹಾಕಿ ಹೊಲಿಕ್."

ಅಮ್ಮನ ಕೈಹೊಲಿಗೆ ಬಿಚ್ಚುವುದೇ? ಸಿಟ್ಟಿನಲ್ಲಿ ಕೌದಿ ಕಸಿದುಕೊಂಡು ಬಸ್ಸು ಹತ್ತಿದೆ.

ಈಗ ಕತ್ತರಿ ನನ್ನ ಕೈಯಲ್ಲೇ ಇದೆ. ದಿನಕ್ಕೊಂದು ಸಾಲು ಬಿಚ್ಚುತ್ತೇನೆ. ಬಿಚ್ಚಿದ ನೂಲನ್ನು ಎಸೆಯಲಾಗದೆ ಬೆರಳಿಗೆ ಸುತ್ತಿಕೊಳ್ಳುತ್ತೇನೆ. ಅದು ಬೆರಳನ್ನೂ ಕೊಯ್ಯುತ್ತದೆ.